ತಮ್ಮನ ಹೆಸರಿನಲ್ಲಿ

ಬಾಟಲಿಯ ಬಿರಡೆಯನ್ನು ಹಲ್ಲಿನಿಂದ ಕಚ್ಚಿ ಎಳೆದು ದೊಡ್ಡವೆಂಕಟಪ್ಪ ಅದನ್ನು ಅಂಗಳದ ಮೂಲೆಗೆ ಉಗಿದ. ತಮಟೆಯವರ ಲೋಟಗಳಿಗೆ ಅಷ್ಟಷ್ಟು ಸಾರಾಯಿ ಬಗ್ಗಿಸಿ, ಉಳಿದರ್ಧವನ್ನು ಹೆಣದ ತಲೆದೆಸೆಯಲ್ಲಿ ಉರಿಯುತ್ತಿದ್ದ ದೀಪದ ಪಕ್ಕಕ್ಕೆ ಇಟ್ಟ.

"ಇದನ್ನ ಯಾರೂ ಮುಟ್ಬೇಡ್ರಲಾ. ಇದು ಕೋದಂಡಂದು."

ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನುಮನೆಯ ಮುಂದೆ, ತಟ್ಟಿಯ ನೆರಳಿನಲ್ಲಿ, ಕೋದಂಡಪ್ಪನನ್ನು ಮಲಗಿಸಿದ್ದರು. ಇಪ್ಪತ್ತಾರು ವರ್ಷ ನೆಲದಡಿಯಲ್ಲಿ ಮರದ ಆಸರೆಗಂಬಗಳನ್ನು ನಿಲ್ಲಿಸಿ ಸುರಂಗದ ಮಾಡು ಕುಸಿಯದಂತೆ ಕಾದವನು. ಆ ಕೆಲಸದವರನ್ನು ಗಣಿಯಲ್ಲಿ ಟಿಂಬರ್‌ಮನ್ ಎನ್ನುತ್ತಿದ್ದರು. ಕಲ್ಲಿನ ದೂಳು ಎದೆಯನ್ನು ತುಂಬಿ, ನಲವತ್ತೆಂಟನೆಯ ವಯಸ್ಸಿಗೇ ಅವನ ಉಸಿರನ್ನು ನಿಲ್ಲಿಸಿತ್ತು. ಮಕ್ಕಳಿರಲಿಲ್ಲ.

ಅಣ್ಣ ರಾಮಚಂದ್ರಪ್ಪನವರು ಬೆಳಗಿನ ರೈಲಿಗೆ ಬಂಗಾರಪೇಟೆಯಿಂದ ಬಂದು ತಮ್ಮನ ಪಾದಗಳ ಬಳಿ ನಿಂತಿದ್ದರು. ಅಲ್ಲಿನ ಮಾಧ್ಯಮಿಕ ಶಾಲೆಯ ಮುಖ್ಯೋಪಾಧ್ಯಾಯರು. ಶನಿವಾರಗಳಂದು ಭಜನೆಮಂದಿರದಲ್ಲಿ ಪುರಾಣಪ್ರವಚನ ಮಾಡುವವರು. ಹೆಗಲಿನ ಮೇಲೆ ಇಸ್ತ್ರಿಯ ಮಡಿಕೆ ಮುರಿಯದ ಬಿಳಿಯ ಶಲ್ಯವಿತ್ತು.

"ಅದೇಕಪ್ಪ ಅಲ್ಲಿಟ್ಟೆ?" ಎಂದು ಅವರು ಮೆಲ್ಲಗೆ ಕೇಳಿದರು.

"ನಮ್ ಪದ್ಧತಿ ತಮಗ್ ಗೊತ್ತಿಲ್ವಾ ಮೇಷ್ಟ್ರೇ? ಬಾಯಿಗೆ ಅಕ್ಕಿ ಆಕಿದ್ಮೇಲೆ ಸತ್ತೋನು ಆಸೆಪಟ್ಟ ವಸ್ತು ಕೊಟ್ಟು ಕಳಿಸ್ಬೇಕು. ಬೀಡಿಯೋನ್ಗೆ ಬೀಡಿ, ಎಲೆ ಅಡಿಕೆಯೋನ್ಗೆ ಎಲೆ ಅಡಿಕೆ. ಪಾಪ, ನಿಮ್ ತಮ್ಮ ಅನ್ನೊಂದು ವರ್ಸ ಬಾಯಿ ಕಟ್ಕೊಂಡಿದ್ದ. ಆ ತುಮಕೂರಿನ ಕಡೆಯೋರು ಬಿಡಿಸಿದ್ಮೇಲೆ ಒಂದು ಅನಿ ಮುಟ್ನಿಲ್ಲ. ಇವತ್ತಾದ್ರೂ ತುಟಿ ನೆನೀಲಿ. ಇರೇರು ನೀವು, ಮೊದ್ಲ ಕೈ ನಿಮ್ದೇ."

ದೊಡ್ಡವೆಂಕಟಪ್ಪ ನಿವೃತ್ತ ಮೇಸ್ತ್ರಿ. ಕೋದಂಡಪ್ಪನಿಗೆ ಕೆಲಸ ಕಲಿಸಿದವನು. ಅವನ ಕಣ್ಣು ನಿಜವಾಗಿಯೇ ತುಂಬಿತ್ತು.

ಕೋದಂಡಪ್ಪ ತನ್ನ ಜನ್ಮದಲ್ಲಿ ಸಾರಾಯಿಯನ್ನು ಮುಟ್ಟಿದವನಲ್ಲ. ಈ ಸಂಗತಿ ಆ ಅಂಗಳದಲ್ಲಿ ಇಬ್ಬರಿಗೆ ಮಾತ್ರ ತಿಳಿದಿತ್ತು. ಒಬ್ಬಳು, ಬಾಗಿಲಿಗೆ ಒರಗಿ ಕುಳಿತಿದ್ದ ಅವನ ಹೆಂಡತಿ ಆದಿಲಕ್ಷ್ಮಮ್ಮ. ಇನ್ನೊಬ್ಬರು, ಆ ಕಾಲದಲ್ಲಿ ನಿಜವಾಗಿ ಕುಡಿಯುತ್ತಿದ್ದವರು, ರಾಮಚಂದ್ರಪ್ಪನವರು.

*

ಸಾವಿರದ ಒಂಬೈನೂರ ಐವತ್ತೇಳರ ಶಿವರಾತ್ರಿ ಕಳೆದ ಭಾನುವಾರ ಕೋದಂಡಪ್ಪ ಅಣ್ಣನನ್ನು ನೋಡಲು ಶಾಲೆಗೇ ಬಂದಿದ್ದ. ಮಾತನಾಡುತ್ತಾ ಆಡುತ್ತಾ ಅವನ ದೃಷ್ಟಿ ಅಣ್ಣನ ಮುಖದಲ್ಲಿ ನಿಂತುಬಿಟ್ಟಿತು.

"ಅಣ್ಣ, ತುಟಿ ನೀಲಿ ಆಗೈತೆ."

ಬೀರುವಿನೊಳಗೆ ಮಸಿಯ ಬಾಟಲಿಗಳ ಸಾಲಿನಲ್ಲಿ ಒಂದರೊಳಗೆ ಮಸಿಯಿರಲಿಲ್ಲ. ಸರಿಯಾಗಿ ತೊಳೆಯದೆ ಸಾರಾಯಿ ತುಂಬಿಟ್ಟ ಬಾಟಲಿ ಅದು. ರಾಮಚಂದ್ರಪ್ಪನವರು ಅಂಗೈಯಿಂದ ತುಟಿಯನ್ನು ಉಜ್ಜಿಕೊಂಡರು. ನೀಲಿ ಕೆನ್ನೆಗೂ ಹರಡಿತು. ಆಗ ಅವರು ತಮ್ಮನ ಮುಂದೆ ತಲೆ ತಗ್ಗಿಸಿ, ಎರಡು ವರ್ಷಗಳಿಂದ ನಡೆದಿರುವುದನ್ನೆಲ್ಲ ಹೇಳಿದರು. ಕೋದಂಡಪ್ಪ ಬುದ್ಧಿ ಹೇಳಲಿಲ್ಲ. "ಬಿಡಿಸೋರು ಇರ್ತಾರೆ, ಉಡುಕ್ತೀನಿ" ಎಂದಷ್ಟೇ ಹೇಳಿ ಹೋದ.

ಹುಡುಕುವುದು ಎಲ್ಲಿ? ಕುಡಿತಕ್ಕೆ ಚಿಕಿತ್ಸೆಯುಂಟೆಂಬುದನ್ನೇ ಜನ ಕೇಳಿರದ ಕಾಲ ಅದು. ಕಾಂಪೌಂಡರುಗಳನ್ನೂ ದಾದಿಯರನ್ನೂ ದೂರದೂರಿನ ಬಸ್ಸು ಕಂಡಕ್ಟರುಗಳನ್ನೂ ಅವನು ವಿಚಾರಿಸಿದ. ವಾರದ ರಜೆಯನ್ನೆಲ್ಲ ಅದಕ್ಕೇ ಕಳೆದ. ಎರಡು ತಿಂಗಳ ನಂತರ ಬಂದು ಶಾಲೆಯ ಬೆಂಚಿನ ಮೇಲೆ ಕುಳಿತು ವರದಿ ಒಪ್ಪಿಸಿದ.

"ನಾಕು ಕಡೆ ನೋಡ್ಕಂಬಂದಿವ್ನಿ ಅಣ್ಣ. ಬೂದಿಕೋಟೆ ಅತ್ರ ಒಬ್ಬ ನಾಟಿ ವೈದ್ಯ ಬೇರು ಅರ್ದು ಮಜ್ಜಿಗೇಲಿ ಕೊಡ್ತಾನೆ. ಮೂರು ಅಮಾಸೆ ಸಾಕಂತೆ. ಆದ್ರೆ ಅವನ ಬಾಯೇ ವಾಸ್ನೆ ಒಡೀತದೆ."

ರಾಮಚಂದ್ರಪ್ಪನವರಿಗೆ ಬಹುದಿನಗಳ ಮೇಲೆ ನಗು ಬಂತು.

"ಬೆಂಗ್ಳೂರಿನ ದೊಡ್ಡಾಸ್ಪತ್ರೇಲಿ ಡಾಕ್ಟ್ರು ಒಳ್ಳೇರು. ಆದ್ರೆ ಅದನ್ನ ಜನ ತಲೆಕೆಟ್ಟೋರ ಆಸ್ಪತ್ರೆ ಅಂತಾರೆ. ನೀನು ಅದರೊಳಗೆ ಕಾಲಿಟ್ರೆ ಆಮೇಲೆ ಸ್ಕೂಲೊಳಗೆ ಬರಕಾಗಲ್ಲ. ಇನ್ನೊಂದು ಮಿಶನ್ನೋರ್ದು. ಒಂದು ಮಾತ್ರೆ ಐತಂತೆ, ನುಂಗಿ ಕುಡಿದ್ರೆ ಜೀವ ಓಗೋ ಅಂಗೆ ವಾಂತಿ. ಐದು ದಿನಕ್ಕೆ ಮನೆಗೆ ಕಳಿಸ್ತಾರೆ. ಮನೇಲಿ ಮಾತ್ರೆ ನುಂಗದೆ ಇದ್ರೆ? ಆಮೇಲೆ ತುಮಕೂರಿನಿಂದ ಆಚೆ ಒಬ್ರು ಮುದುಕ ಡಾಕ್ಟ್ರು ತೋಟದಾಗೆ ಇಟ್ಕೊಂಡು ನೋಡ್ತಾರೆ. ನಲವತ್ತೈದು ದಿನ. ಗೇಟಿಗೆ ಬೀಗ ಇಲ್ಲ."

"ಬೀಗವಿಲ್ಲದ ಮೇಲೆ ಯಾರು ನಿಲ್ಲುತ್ತಾರೋ?"

"ನಾನೂ ಅದನ್ನೇ ಕೇಳ್ದೆ. ಡಾಕ್ಟರ್ನ ಅಲ್ಲ, ಗೇಟಿನ ಮುಂದೆ ಟೀ ಮಾರೋ ನರಸಮ್ಮನ್ನ. ಎಲ್ಲಾ ಕಡೇನೂ ಬಾಗಿಲಾಚೆ ಇರೋರ್ನೇ ಕೇಳಿರೋದು ನಾನು. ಕಂಬ ಗಟ್ಟಿ ಐತಾ ಅಂತ ಕಂಬ ಮಾರೋನ್ನ ಕೇಳ್ತಾರಾ? ಕೊಡಲಿ ಇಂಬದಿಯಿಂದ ಬಡೀಬೇಕು. ಪೊಳ್ಳಿದ್ರೆ ಸದ್ದೇ ಯೋಳ್ತದೆ. ಆವಮ್ಮ ಏನಂದ್ಲು ಗೊತ್ತಾ? 'ಮೊದಲ್ನೇ ವಾರ ಓಡೋಗೋರು ನನ್ ಅಂಗ್ಡಿ ಮುಂದೇನೇ ಓಡ್ತಾರೆ ಕಣಪ್ಪ. ಅವರ್ನ ಬೈಯಲ್ಲ, ಟೀ ಕುಡಿಸಿ ಕೂರಿಸ್ತೀನಿ. ಅರ್ಧಕ್ಕರ್ಧ ಜನ ತಿರುಗಿ ಒಳಗೆ ಓಯ್ತಾರೆ' ಅಂದ್ಲು. ಅಲ್ಲಿಗೇ ಓಗೋಣ ಅಣ್ಣ."

"ಎಲ್ಲ ಕಡೆಗೂ ಮೊದಲು ಕಾಗದ ಬರೆದೆಯಾ?"

"ಕಾರ್ಡು ಬರ್ದೆ." ಅಣ್ಣನೇ ತಿದ್ದಿಸಿದ್ದ ದುಂಡು ಅಕ್ಷರಗಳಲ್ಲಿ ಅವನು ಬರೆದಿದ್ದ ಒಕ್ಕಣೆ ಇಷ್ಟೇ: 'ಸ್ವಾಮಿ, ನಾನು ಕುಡಿತಕ್ಕೆ ಬಿದ್ದವನು. ನಿಮ್ಮಲ್ಲಿ ಬಿಡಿಸುವರೆಂದು ಕೇಳಿದೆ. ಎಷ್ಟು ದಿನ, ಏನು ಔಷಧಿ, ಕಟ್ಟಿಹಾಕುವಿರೋ ಇಲ್ಲವೋ ತಿಳಿಸಬೇಕು.' ಕೆಳಗೆ, ಕೋದಂಡಪ್ಪ, ಟಿಂಬರ್‌ಮನ್.

"ಲಕೋಟೆಯಲ್ಲಾದರೂ ಹಾಕಬಾರದಿತ್ತೇ?"

"ಅಂಟಿಸಿದ್ರೆ ಟಪಾಲಿನೋನ್ಗೆ ಇನ್ನೂ ಗುಮಾನಿ. ಇರ್ಲಿ ಬುಡು. ನಾನು ಕಂಬ ನಿಲ್ಸೋನು, ನೀನು ಮಕ್ಕಳಿಗೆ ಯೋಳ್ಕೊಡೋನು."

ಬೇಡವೆನ್ನಲು ರಾಮಚಂದ್ರಪ್ಪನವರಿಗೆ ಆ ಕ್ಷಣದಲ್ಲಿ ಅವಕಾಶವಿತ್ತು. ಅವರು ಬೀರುವಿಗೆ ಬೀಗ ಹಾಕಿ ಕೀಲಿಯನ್ನು ತಮ್ಮನ ಕೈಗೆ ಕೊಟ್ಟರು.

*

"ಆ ಕಾರ್ಡುಗಳು! ಅಯ್ಯಯ್ಯೋ!" ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದ ಕುಪ್ಪುಸ್ವಾಮಿ ಹೇಳುತ್ತಿದ್ದ. ಅವನೂ ಕೋದಂಡಪ್ಪನೂ ಒಂದೇ ಪಾಳಿಯಲ್ಲಿ ದುಡಿದವರು. "ತುಮಕೂರಿನೋರು ತಿಂಗಳು ತಿಂಗಳು ಬರೀತಾರೆ. ಟಪಾಲಿನೋನು ನಲ್ಲಿ ಹತ್ರ ನಿಂತು ಜೋರಾಗಿ ಓದ್ತಾನೆ: 'ಕೋದಂಡಪ್ಪನವರೇ, ಈಗಲೂ ಕುಡಿಯುವ ಮನಸ್ಸು ಬರುತ್ತಿದೆಯೇ?' ಹೆಂಗಸರೆಲ್ಲ ಬಿಂದಿಗೆ ಇಳಿಸಿ ನಗ್ತಾರೆ. ನಾನೂ ಕೇಳ್ದೆ, ಏನ್ ತಂಬಿ, ಬರುತ್ತಾ? 'ವಿಚಾರಿಸ್ಕೊಂಬಂದು ಬರೀತೀನಿ ಅಣ್ಣೇ' ಅಂದ. ತನ್ ಮನಸ್ಸನ್ನ ಇನ್ಯಾರ ಹತ್ರ ವಿಚಾರಿಸ್ತಾನೋ, ಮುರುಗಾ!"

ಚಟ್ಟ ಕಟ್ಟುವವರು ನಕ್ಕರು. ಪ್ರತಿ ಕಾರ್ಡು ಬಂದ ಭಾನುವಾರವೂ ಕೋದಂಡಪ್ಪ ಬಂಗಾರಪೇಟೆಗೆ ಬರುತ್ತಿದ್ದುದು ರಾಮಚಂದ್ರಪ್ಪನವರಿಗೆ ನೆನಪಾಯಿತು.

"ನಗಬೇಡ್ರಲಾ," ಎಂದ ದೊಡ್ಡವೆಂಕಟಪ್ಪ. "ಅವನ್ನ ಮೇಸ್ತ್ರಿ ಮಾಡಿ ಅಂತ ನಾನೇ ಬಾಯ್ಬಿಟ್ಟು ಕೇಳಿದ್ದೆ. ಕುಡುಕನ ಕೈಗೆ ಎಂಟು ಜನರ ತಲೆ ಕೊಡಕಾಗಲ್ಲ ಅಂದ್ಬುಟ್ರು ಮೇಲಿನೋರು. ಒಂದು ಮಾತು ಆಡ್ನಿಲ್ಲ ಅವನು. ನಾಚ್ಕೆ ಇತ್ತು ನೋಡು, ಅದಕ್ಕೇ."

ಆದಿಲಕ್ಷ್ಮಮ್ಮ ಎದ್ದು ಒಳಗೆ ನಡೆದಳು. ರಾಮಚಂದ್ರಪ್ಪನವರು ನೀರು ಕೇಳುವ ನೆಪದಲ್ಲಿ ಹಿಂದೆಯೇ ಹೋದರು. ಅವಳು ಲೋಟವನ್ನು ಅವರ ಕೈಗೆ ಕೊಡಲಿಲ್ಲ. ಕಟ್ಟೆಯ ಮೇಲೆ ಇಟ್ಟಳು.

"ಭಾವ, ನಾನು ಬಾಯಿ ಬುಡಕಾಗಲ್ಲ. ಅವ್ರು ನನ್ ಕೈಲಿ ಆಣೆ ಆಕಿಸ್ಕೊಂಡವ್ರೆ. ನಿಮ್ ಕೈಲಿ ಆಕಿಸ್ಕೊಂಡಿಲ್ಲ."

"ಹೇಳುತ್ತೇನಮ್ಮ."

"ಅದು ಅವ್ರ ಬಾಯಿಗೆ ಬೀಳೋಕ್ ಮುಂಚೆ ಯೋಳಿ. ಆಮೇಲೆ ಯೋಳಿ ಏನ್ ಸುಖ?"

*

ತುಮಕೂರಿನಾಚೆಯ ಆ ತೋಟದಲ್ಲಿ ಹುಣಿಸೆಯ ಮರದ ಕೆಳಗೆ ಒಂದು ಮೇಜು ಇತ್ತು. ಮುದುಕ ವೈದ್ಯರು ಲೇಖನಿಯನ್ನು ಮಸಿಯಲ್ಲಿ ಅದ್ದಿ, ಅಣ್ಣತಮ್ಮಂದಿರನ್ನು ನೋಡಿದರು.

"ರೋಗಿ ಯಾರು?"

ರಾಮಚಂದ್ರಪ್ಪನವರು ತಮ್ಮ ಎದೆಯನ್ನು ಮುಟ್ಟಿ ತೋರಿಸಿದರು.

"ಹೆಸರು?"

ಅವರ ದೃಷ್ಟಿ ಮೇಜಿನ ಮೇಲಿನ ಮಸಿಯ ಕುಡಿಕೆಗೆ ಇಳಿಯಿತು.

"ಕೋದಂಡಪ್ಪ ಅಂತ ಬರ್ಕೊಳ್ಳಿ ಸಾಮಿ," ಎಂದ ತಮ್ಮ.

ಆ ನಲವತ್ತೈದು ದಿನಗಳೂ ಅವನು ಅಲ್ಲೇ ಉಳಿದ. ಬದನೆಯ ಪಾತಿಗಳಿಗೆ ನೀರು ಹಾಯಿಸಿ ತನ್ನ ಊಟವನ್ನು ದುಡಿದುಕೊಂಡ. ಆರನೆಯ ದಿನ ರಾಮಚಂದ್ರಪ್ಪನವರು ಗೇಟು ದಾಟಿ ಓಡಿದಾಗ ಅವನು ತಡೆಯಲಿಲ್ಲ. ಟೀ ಅಂಗಡಿಯ ಬೆಂಚಿನಲ್ಲಿ ಪಕ್ಕಕ್ಕೆ ಬಂದು ಕುಳಿತು, "ಎರಡು ಟೀ ಕೊಡಮ್ಮ" ಎಂದ. ಬೇಸಗೆಯ ರಜೆ ಮುಗಿದು ಮುಖ್ಯೋಪಾಧ್ಯಾಯರು ಶಾಲೆಗೆ ಮರಳಿದಾಗ, ತೀರ್ಥಯಾತ್ರೆಯಿಂದ ಬಂದವರೆಂದು ಮಕ್ಕಳು ಕಾಲಿಗೆರಗಿದರು. ಅದೇ ವಾರ ನಂದಿದುರ್ಗದ ಲೈನುಗಳಲ್ಲಿ ಕೋದಂಡಪ್ಪನಿಗೆ ಬೇರೊಂದು ಸ್ವಾಗತ ದೊರೆತಿತ್ತು.

*

ಬಾಯಿಗೆ ಅಕ್ಕಿ ಹಾಕುವವರ ಸಾಲು ಮುಗಿಯಿತು. ತಮಟೆ ನಿಂತಿತು. ದೊಡ್ಡವೆಂಕಟಪ್ಪ ಬಾಟಲಿಯನ್ನು ಎರಡೂ ಕೈಗಳಿಂದ, ತೀರ್ಥದ ಪಾತ್ರೆಯನ್ನು ಹಿಡಿಯುವ ಭಕ್ತಿಯಲ್ಲಿ, ರಾಮಚಂದ್ರಪ್ಪನವರ ಮುಂದೆ ಹಿಡಿದ.

"ಒಂದು ಮಾತು..." ಎಂದು ಅವರು ತೊಡಗಿದರು.

ಅಂಗಳವೆಲ್ಲ ಅವರತ್ತ ತಿರುಗಿತು. ಬಂಗಾರಪೇಟೆಯಿಂದ ಬಂದಿದ್ದ ಭಜನೆಮಂದಿರದ ಆಂಜಿನಪ್ಪ, ಪ್ರವಚನ ಕೇಳುವಾಗ ಮಾಡುವಂತೆಯೇ, ಕೈಕಟ್ಟಿ ತಲೆಬಾಗಿ ನಿಂತ. ಅವನನ್ನು ಕಂಡೊಡನೆ ರಾಮಚಂದ್ರಪ್ಪನವರ ನಾಲಿಗೆ ಒಣಗಿತು. ಸಾವಿರ ಮಂದಿಯ ಮುಂದೆ ಸತ್ಯವನ್ನು ಬಣ್ಣಿಸಿದ್ದ ನಾಲಿಗೆ ಅದು.

"ಯೋಳಿ ಮೇಷ್ಟ್ರೇ."

"ಮೊದಲು ಸ್ವಲ್ಪ ನೀರು ಬಿಟ್ಟರೆ..."

"ನೀರು ಆಮೇಲೆ ಬುಡೋಣ. ಬಿಸಿಲು ಏರ್ತೈತೆ."

ಆಂಜಿನಪ್ಪ ಮುಂದೆ ಬಂದ. "ನಿಮ್ಮಂಥೋರು ಇದನ್ನ ಮುಟ್ಟೋದು ಬೇಡ ಸ್ವಾಮಿ. ಬೇರೆ ಯಾರಾದ್ರೂ ಬಿಡ್ಲಿ."

"ಬೇರೆಯೋರು ಬ್ಯಾಡ," ಎಂದಳು ಆದಿಲಕ್ಷ್ಮಮ್ಮ. ಅಂದು ಅವಳು ಎಲ್ಲರ ಮುಂದೆ ಆಡಿದ ಮಾತು ಅದೊಂದೇ. "ಭಾವನೇ ಉಯ್ಲಿ."

ರಾಮಚಂದ್ರಪ್ಪನವರು ಬಗ್ಗಿದರು. ಹನ್ನೊಂದು ವರ್ಷಗಳ ನಂತರ ಆ ವಾಸನೆ ಮೂಗಿಗೆ ಬಡಿಯಿತು. ದವಡೆಗೆ ಬಟ್ಟೆ ಕಟ್ಟಿದ್ದುದರಿಂದ ಕೋದಂಡಪ್ಪನ ತುಟಿಗಳು ಬಿಗಿದಿದ್ದವು. ಸುರಿದ ಸಾರಾಯಿ ಒಳಗೆ ಇಳಿಯಲೊಲ್ಲದೆ ಅಕ್ಕಿಕಾಳುಗಳನ್ನು ಕೊಚ್ಚಿಕೊಂಡು ಗಲ್ಲದ ಮೇಲಿಂದ ಕುತ್ತಿಗೆಗೆ ಹರಿಯಿತು. ಅವರು ಗಾಬರಿಯಿಂದ ಹೆಗಲಿನ ಶಲ್ಯವನ್ನೇ ಎಳೆದು ಒರೆಸಿದರು. ಗಲ್ಲ, ಕುತ್ತಿಗೆ, ಮತ್ತೆ ಮತ್ತೆ ತುಟಿ. ಬಿಳಿಯ ಬಟ್ಟೆ ನೆನೆದು ಭಾರವಾಯಿತು.

"ಕುಡೀತಾನೇ ಇಲ್ಲ ನೋಡು," ಎಂದು ಯಾರೋ ಬಿಕ್ಕಿದರು. "ಸತ್ಮೇಲೂ ಮಾತು ಉಳಿಸ್ಕೊಂಡ."

*

ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಆಚೆಗಿನ ಮಸಣದಲ್ಲಿ ಮೊದಲ ಹಿಡಿ ಮಣ್ಣು ಬಿದ್ದಾಗ ರಾಮಚಂದ್ರಪ್ಪನವರ ಬಾಯಿ ಬಿಚ್ಚಿತು.

"ಕುಡಿಯುತ್ತಿದ್ದವನು ನಾನು."

ಗುದ್ದಲಿಗಳು ನಿಂತವು.

"ತುಮಕೂರಿನಾಚೆಗೆ ಹೋಗಿದ್ದ ರೋಗಿ ನಾನು. ನನ್ನ ಕೆಲಸ ಹೋಗದಿರಲೆಂದು ಅವನು ತನ್ನ ಹೆಸರು ಕೊಟ್ಟ. ಅವನು ಒಂದು ದಿನವೂ ಕುಡಿದವನಲ್ಲ."

ದೊಡ್ಡವೆಂಕಟಪ್ಪ ಮೂಗೊರೆಸಿಕೊಂಡು, "ಕೇಳಿದ್ರೇನ್ರಲಾ?" ಎಂದ. "ಅಣ್ಣ ಅಂದ್ರೆ ಇಂಗಿರ್ಬೇಕು. ಮಣ್ಣು ಬೀಳೋ ಒತ್ನಾಗೂ ತಮ್ಮನ ಕಳಂಕನ ತನ್ ತಲೆಗೆ ಎಳ್ಕೊಂತವ್ರೆ."

"ನಾನು ಹೇಳುತ್ತಿರುವುದು ನಿಜ. ಆ ಕಾರ್ಡುಗಳು..."

"ಆಯ್ತು ಬುಡಿ ಸಾಮಿ, ನಿಜಾನೇ," ಎಂದು ಕುಪ್ಪುಸ್ವಾಮಿ ಮಗುವನ್ನು ಸಂತೈಸುವಂತೆ ಅವರ ಬೆನ್ನು ಸವರಿದ. ಆಂಜಿನಪ್ಪ ಬಗ್ಗಿ ಅವರ ಪಾದದ ದೂಳನ್ನು ಕಣ್ಣಿಗೊತ್ತಿಕೊಂಡ. ಗುದ್ದಲಿಗಳು ಮತ್ತೆ ಮಣ್ಣು ಎಳೆಯತೊಡಗಿದವು.

*

ಮಸಣದಿಂದ ಬಂದವರೆಲ್ಲ ಲೈನಿನ ನಲ್ಲಿಯ ಕೆಳಗೆ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಸುರಿದುಕೊಂಡರು. ರಾಮಚಂದ್ರಪ್ಪನವರೂ ಮಿಂದರು. ಕಲ್ಲಿನ ಮೇಲೆ ತೆಗೆದಿಟ್ಟಿದ್ದ ಶಲ್ಯವನ್ನು ಆದಿಲಕ್ಷ್ಮಮ್ಮ ಬಕೆಟ್ಟಿಗೆ ಹಾಕಲು ಎತ್ತಿಕೊಂಡಳು.

"ಯೋಳಿದ್ರಾ?"

"ಹೇಳಿದೆನಮ್ಮ. ನಂಬಲಿಲ್ಲ."

ಅವಳು ಬಕೆಟ್ಟಿನ ಮೇಲೆ ಬಗ್ಗಿದಳು. ಅವರು ಕೈ ಚಾಚಿ, "ಅದನ್ನು ನೀರಿಗೆ ಹಾಕಬೇಡ. ಹಾಗೇ ಕೊಡು" ಎಂದರು. ಸೂತಕದ ಬಟ್ಟೆ ಹಾಗೆ ಮೈಗೆ ಸೋಕಬಾರದೆಂದು ಅವಳಿಗೆ ತಿಳಿದಿತ್ತು. ಅವರಿಗಂತೂ ಚೆನ್ನಾಗಿ ತಿಳಿದಿತ್ತು. ಅವಳು ಅವರ ಮುಖವನ್ನು ಒಮ್ಮೆ ನೋಡಿ, ಶಲ್ಯವನ್ನು ಕೈಗೇ ಕೊಟ್ಟಳು.

ಮಾರಿಕುಪ್ಪಂನಿಂದ ಬಂದ ಸಂಜೆಯ ರೈಲು ಊರಿಗಾಂ ತಲುಪುವಾಗಲೇ ತುಂಬಿತ್ತು. ಪಾಳಿ ಮುಗಿಸಿದವರು, ಸಂತೆಯ ಬುಟ್ಟಿಯವರು. ಅಲ್ಲಿ ಹತ್ತಿದ ರಾಮಚಂದ್ರಪ್ಪನವರಿಗೆ ಹಿರಿಯರೆಂದು ಯಾರೋ ಜಾಗ ಬಿಟ್ಟರು. ಅವರು ಕುಳಿತು ಶಲ್ಯವನ್ನು ಬಿಡಿಸಿ ಹೊದ್ದುಕೊಂಡರು.

ಪಕ್ಕದಲ್ಲಿದ್ದ ಬುಟ್ಟಿಯ ಹೆಂಗಸು ಮೂಗಿಗೆ ಸೆರಗು ಹಿಡಿದಳು. "ಥೂ! ನೋಡಾಕೆ ದೊಡ್ಡ ಮನುಸನಂಗವ್ನೆ. ಒತ್ತು ಮುಳುಗೋಕ್ ಮುಂಚೇನೇ ಕುಡ್ದು ಬಂದವ್ನೆ." ಎದುರಿಗಿದ್ದವಳು, "ಮೆಲ್ಲಕ್ಕೆ ಅನ್ನೇ, ಕೇಳಿಸ್ತದೆ" ಎಂದಳು.

"ಕೇಳಿಸ್ಲಿ. ಏನಪ್ಪಾ, ಕುಡಿದಿದ್ದೀಯಾ ಇಲ್ವಾ?"

"ಹೌದಮ್ಮ," ಎಂದರು ರಾಮಚಂದ್ರಪ್ಪನವರು.

ಅವಳು ಬುಟ್ಟಿಯನ್ನೆತ್ತಿಕೊಂಡು ಎದ್ದಳು. ಊರಿಗಾಂನಿಂದ ಬಂಗಾರಪೇಟೆಯವರೆಗೂ ಜನ ಒಬ್ಬರ ಭುಜಕ್ಕೆ ಒಬ್ಬರು ಒತ್ತಿಕೊಂಡು ನಿಂತೇ ಇದ್ದರು. ಆ ಹಲಗೆಯ ಮೇಲೆ, ಅವರ ಪಕ್ಕದಲ್ಲಿ, ಒಬ್ಬರು ಕೂರುವಷ್ಟು ಜಾಗ ಖಾಲಿಯಾಗಿಯೇ ಇತ್ತು.