ಕಾಲುವೆ ಕಾಯುವ ಪೆಟ್ಟಿಗೆಗೂ ನಿದ್ದೆ ಬೇಕು

ಇದು ಎಂಜಿನಿಯರುಗಳು ಹೇಳಬೇಕಾದ ಮಾತು. ರಾತ್ರಿ ಶಾಲೆಯಲ್ಲಿ ಓದು ಕಲಿತ ನಾನು ಹೇಳಲು ಹೊರಟದ್ದು ಅಧಿಕಪ್ರಸಂಗವೆನಿಸಿದರೆ ಕ್ಷಮಿಸಿ. ಕಂಡದ್ದನ್ನು ಹೇಳದೆ ಇರಲಾಗಲಿಲ್ಲ.

ವನದುರ್ಗದ ಆಚೆ, ಉಪಕಾಲುವೆಯ ಕಟ್ಟಕಡೆಗೆ ಗೊಲ್ಲಾಳಮ್ಮನ ಮೆಣಸಿನಕಾಯಿ ಹೊಲವಿದೆ. ಸರದಿಯಂತೆ ಬಿಡುವ ಪಾಳಿಯ ನೀರು ಅಲ್ಲಿಗೆ ಯಾವ ಹೊತ್ತಿಗೆ ಮುಟ್ಟುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಬಂದಾಗ ತಿರುಗಿಸಿಕೊಳ್ಳದಿದ್ದರೆ ಹಳ್ಳದ ಪಾಲು. ಅದಕ್ಕೆಂದೇ ನಮ್ಮ ಮಹಿಳಾ ಸಂಘದವರು ತೂಬಿನ ಬಳಿ ಒಂದು ಪೆಟ್ಟಿಗೆ ಕಟ್ಟಿಸಿದ್ದೆವು. ಒಳಗೆ ಬ್ಯಾಟರಿ, ನೀರಿನ ಮಟ್ಟ ನೋಡುವ ಸೆನ್ಸರ್, ಎಲ್ಲವನ್ನೂ ನಡೆಸುವ ಉಗುರಿನಷ್ಟು ಚಿಪ್. ನೀರು ಬಂದರೆ ಮೊಬೈಲಿಗೆ ಸಂದೇಶ.

ಹೋದ ಪಾಳಿಯಲ್ಲಿ ಸಂದೇಶ ಬರಲಿಲ್ಲ. ಬ್ಯಾಟರಿ ಸತ್ತಿತ್ತು. ನೀರು ಹಳ್ಳ ಸೇರಿತು, ಗಿಡ ಬಾಡಿದವು. ಇನ್ನೊಂದು ಪಾಳಿ ತಪ್ಪಿದರೆ ಬೆಳೆ ಉಳಿಯುವಂತಿರಲಿಲ್ಲ.

ರಂಗಂಪೇಟೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಸರ್ವರಬೇಗಂ ಬಂದು ಹೊಸ ಬ್ಯಾಟರಿ ಹಾಕಿದಳು. ಕೆಂಪು ದೀಪ ಹೊತ್ತಿಕೊಂಡಿತು. ಸದಾ ಉರಿಯುವ ಈ ದೀಪವನ್ನು ಮೊದಲು ತೆಗೆಯಬೇಕು ಎಂದಳು. ಗೊಲ್ಲಾಳಮ್ಮ ಅಡ್ಡ ಬಂದಳು. ಪೆಟ್ಟಿಗೆಗೆ ವಿಭೂತಿ ಹಚ್ಚಿ, ಕಿಂಡಿಯಲ್ಲಿ ಕಾಣುವ ಆ ದೀಪಕ್ಕೆ ದಿನವೂ ಕೈಮುಗಿಯುತ್ತಿದ್ದವಳು ಅವಳು. ಪೆಟ್ಟಿಗೆ ಕಣ್ಣು ಮುಚ್ಚದೆ ಕಾಯಲಿ ಎಂದು ಹಟ ಹಿಡಿದವಳೂ ಅವಳೇ.

“ಉರಿಯೋ ದೀಪ ಆರಿಸಿದ್ರ ಕಾಲುವಿಗೆ ಗಂಗವ್ವ ಬರ್ತಾಳೇನವಾ? ನಿನ್ನ ಅಂಗಡಿ ನಡೀಲಿ ಅಂತ ಕೆಡಸಾಕತ್ತೀದಿ.”

“ಕಾಕಿ, ಗಂಗವ್ವನ ದಾರಿ ಕಾಯೋ ಬ್ಯಾಟರಿನ್ನ ಈ ದೀಪಾನೇ ಕುಡದು ಕುಂತದ.”

ಚಿಪ್ಪಿಗೂ ಬಿಡುವಿಲ್ಲ, ಅದೂ ತಪ್ಪು ಎಂದಳು. ಅದನ್ನು ಮಲಗಿಸಬಹುದಂತೆ. ಕಾಲು ತಾಸಿಗೊಮ್ಮೆ ತಾನೇ ಎದ್ದು, ಆಗ ಮಾತ್ರ ಸೆನ್ಸರಿಗೆ ಕರೆಂಟು ಕೊಟ್ಟು ನೀರು ನೋಡುತ್ತದಂತೆ. ಸಂದೇಶ ಕಳಿಸುವುದಕ್ಕೇ ಹೆಚ್ಚು ಕರೆಂಟು ಬೇಕು. ನೀರು ಏರದಿದ್ದರೆ ಕಳಿಸದೆ ಮತ್ತೆ ಮಲಗುತ್ತದಂತೆ. ಹಾಗೆ ಹೊಂದಿಸಿ, ದೀಪ ಬಿಟ್ಟು ಚಿಪ್ಪಿನ ತಂತಿಗಷ್ಟೇ ಕರೆಂಟು ಅಳೆಯುವ ಮೀಟರ್ ಹಿಡಿದಳು. ಅಂಕಿ ಇಳಿಯುತ್ತ ಇಳಿಯುತ್ತ ಸೊನ್ನೆಯ ಹತ್ತಿರ ನಿಂತಿತು.

“ಸತ್ತೇ ಹೋತಲ್ಲವಾ,” ಎಂದಳು ಗೊಲ್ಲಾಳಮ್ಮ.

“ಸತ್ತಿಲ್ಲ ಕಾಕಿ, ಮಲಗ್ಯಾದ. ತಡಿ.”

ಬದುವಿನ ಮೇಲೆ ಕೂತು ಕಾದೆವು. ಯಾರೂ ಪೆಟ್ಟಿಗೆ ಮುಟ್ಟಲಿಲ್ಲ. ಇದ್ದಕ್ಕಿದ್ದಂತೆ ಅಂಕಿ ಮೇಲೆದ್ದಿತು, ಕ್ಷಣ ನಿಂತಿತು, ಮತ್ತೆ ಇಳಿಯಿತು. ಇಲ್ಲವೆನ್ನುವಷ್ಟು ಕರೆಂಟಿನಲ್ಲಿ ಅದು ಹೊತ್ತು ಎಣಿಸುತ್ತಿತ್ತು!

ಗೊಲ್ಲಾಳಮ್ಮ ಬಗ್ಗಿ ಮೀಟರ್ ನೋಡಿದಳು. “ಎಬ್ಬಿಸೋರಿಲ್ಲ, ತಾನ ಎದ್ದು ನೋಡಿ ಮಲಗ್ತು. ನಮ್ಮ ಮನ್ಯಾಗ ಒಬ್ಬರೂ ಹಿಂಗ ಏಳಂಗಿಲ್ಲ. ದೀಪ ತಗೀವಾ.”

ಮುಂದಿನ ಪಾಳಿಯಲ್ಲಿ ನೀರು ಏರುತ್ತಲೇ ಸಂದೇಶ ಬಂತು. ಹಳ್ಳಕ್ಕೆ ಹರಿಯುವ ಮೊದಲೇ ಗೊಲ್ಲಾಳಮ್ಮ ಸಲಿಕೆ ಹಿಡಿದು ಅಲ್ಲಿದ್ದಳು. ಮೆಣಸಿನ ಗಿಡ ತಲೆ ಎತ್ತಿದವು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೊಲದಲ್ಲೂ ಇಂಥ ಪೆಟ್ಟಿಗೆ ಇದ್ದರೆ ಬಲ್ಲವರನ್ನು ಕರೆಸಿ. ಬೇಡದ ದೀಪ ತೆಗೆಸಿ. ಕೆಲಸವಿಲ್ಲದಾಗ ಚಿಪ್ ಮಲಗುತ್ತದೆಯೇ, ಸೆನ್ಸರಿನ ಕರೆಂಟು ನಿಲ್ಲುತ್ತದೆಯೇ ಎಂದು ಮೀಟರ್ ಹಿಡಿದು ತೋರಿಸಲು ಹೇಳಿ. ಕೇಳಲು ನಾಚಬೇಡಿ.

ನಮ್ಮ ಕಡೆಯ ಬೇಸಿಗೆ ಬಿಸಿಲಿನಲ್ಲಿ ಈ ಬ್ಯಾಟರಿ ಎಷ್ಟು ದಿನ ತಾಳುತ್ತದೆ? ಸರ್ವರಬೇಗಂಗೂ ತಿಳಿಯದು, ನನಗೂ ತಿಳಿಯದು.