ಪೆಟ್ರೋಲ್ ಟ್ಯಾಂಕಿನ ಮುಚ್ಚಳ

ಬರೀ ಬಿಳಿ ಪರದೆಯನ್ನು ನೋಡುತ್ತ ಜನ ಎಷ್ಟು ಹೊತ್ತು ಸುಮ್ಮನೆ ಕೂತಾರು? ಮೊದಲು ಯಾರೋ ಒಬ್ಬ ಕೆಮ್ಮುತ್ತಾನೆ, ಆಮೇಲೆ ಒಂದು ಸಿಳ್ಳೆ, ಆಮೇಲೆ ಇಡೀ ಸಿನಿಮಾ ಟೆಂಟು ಎದ್ದು ನಿಲ್ಲುತ್ತದೆ. ಕುರ್ಚಿ ಇದ್ದವರು ಕುರ್ಚಿ ಬಡಿಯುತ್ತಾರೆ, ನೆಲದ ಮೇಲೆ ಕೂತವರು ಮಣ್ಣು ತೂರುತ್ತಾರೆ. ನಾನು ಅದನ್ನು ಕಣ್ಣಾರೆ ಕಂಡದ್ದು ಕಡಿಮೆ. ಆ ಪರದೆ ಬಿಳಿಯಾಗಿ ನಿಂತಾಗಲೆಲ್ಲ ನಾನು ನಡುದಾರಿಯಲ್ಲಿ, ಕೆಟ್ಟು ನಿಂತ ಮೋಟರ್ ಸೈಕಲ್ಲಿನ ಪಕ್ಕದಲ್ಲಿ, ಯಾರನ್ನು ಬೈಯಬೇಕೆಂದು ತಿಳಿಯದೆ ಹಲ್ಲು ಕಡಿಯುತ್ತ ನಿಂತಿರುತ್ತಿದ್ದೆ. ಆದರೂ ಇಂದಿಗೂ ಸಿಟ್ಟು ಎಂದರೆ ನನ್ನ ಕಣ್ಣ ಮುಂದೆ ಬರುವುದು ಆ ಬಿಳಿ ಪರದೆಯೇ.

ನಮ್ಮೂರಿನ ಟಾಕೀಸು, ಪಕ್ಕದ ದೊಡ್ಡ ಹಳ್ಳಿಯ ಟೆಂಟು, ಎರಡಕ್ಕೂ ರಾಚಪ್ಪ ಸಾಹುಕಾರರೇ ಮಾಲೀಕರು. ಎರಡೂ ಕಡೆ ಒಂದೇ ಸಿನಿಮಾ ಹಾಕುತ್ತಿದ್ದರು, ಆದರೆ ತರಿಸುತ್ತಿದ್ದದ್ದು ಒಂದೇ ಪ್ರಿಂಟು. ಊರಿನಲ್ಲಿ ಆಟ ಮೊದಲು ಶುರುವಾಗುತ್ತಿತ್ತು. ಅಲ್ಲಿ ಓಡಿ ಮುಗಿದ ರೀಲುಗಳನ್ನು ತಗಡಿನ ಪೆಟ್ಟಿಗೆಯಲ್ಲಿಟ್ಟು, ಮೋಟರ್ ಸೈಕಲ್ಲಿನ ಹಿಂದೆ ಬಿಗಿದು, ಟೆಂಟಿನಲ್ಲಿ ಹಿಂದಿನ ರೀಲು ಮುಗಿಯುವುದರೊಳಗೆ ಮುಟ್ಟಿಸಬೇಕು. ಮತ್ತೆ ತಿರುಗಿ ಬಂದು ಮುಂದಿನ ಪೆಟ್ಟಿಗೆ ಒಯ್ಯಬೇಕು. ಒಂದು ಸಲ ತಡವಾದರೆ ಸಾಕು, ಟೆಂಟಿನಲ್ಲಿ ನಾಯಕಿ ಬಾವಿಗೆ ಹಾರಲು ಹೊರಟವಳು ಅಲ್ಲೇ ಮಾಯವಾಗಿ ಪರದೆ ಬೆಳ್ಳಗಾಗುತ್ತಿತ್ತು.

ಈ ಕೆಲಸ ನನ್ನ ಗಂಡ ಸಂಗಮೇಶನದು. ಒಂದು ದಿನ ಸಿಮೆಂಟ್ ಲಾರಿ ಹತ್ತಿ, ಬೇರೆ ಕಡೆ ಒಳ್ಳೆಯ ಕೆಲಸ ನೋಡಿಕೊಂಡು ಬರುತ್ತೇನೆಂದು ಹೋದವನು ಬರಲಿಲ್ಲ. ಅವನ ಬದಲು ಸುದ್ದಿ ಬಂತು: ಅಲ್ಲೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದಾನೆ ಎಂದು. ಮೋಟರ್ ಸೈಕಲ್ಲು ಬಿಟ್ಟುಹೋದದ್ದು ನಮ್ಮ ಮೇಲಿನ ಕರುಣೆಯಿಂದೇನಲ್ಲ. ಆ ದಿನ ಅದರ ಕ್ಲಚ್ ವೈರು ಹರಿದಿತ್ತು, ಇಲ್ಲದಿದ್ದರೆ ಅದನ್ನೂ ಒಯ್ಯುತ್ತಿದ್ದ.

ಮನೆಯಲ್ಲಿ ಉಳಿದದ್ದು ನಾನು ಮತ್ತು ಅವನ ತಾಯಿ ಗುರುಪಾದವ್ವ. ಅತ್ತು ಕೂತರೆ ಹೊಟ್ಟೆ ತುಂಬುವುದಿಲ್ಲವೆಂದು ಕ್ಲಚ್ ವೈರು ಹಾಕಿಸಿ, ಟಾಕೀಸಿನ ಬಯಲಿನಲ್ಲಿ ಬಿದ್ದು ಎದ್ದು ಗಾಡಿ ಕಲಿತೆ. ಸೀರೆಯ ಮೇಲೆ ಅವನದೇ ಹಳೆಯ ಅಂಗಿ ತೊಟ್ಟು ಸಾಹುಕಾರರ ಮುಂದೆ ಹೋಗಿ ನಿಂತೆ. ಅವರು ಬೇರೆ ಗತಿಯಿಲ್ಲದೆ ಒಪ್ಪಿಕೊಂಡರು. ಅವರ ಅಕ್ಕನ ಮಗನಿಗೆ ಹೊಸ ಗಾಡಿ ಕೊಡಿಸುವವರೆಗೆ ಮಾತ್ರ ಎಂದು ಆಗಲೇ ಹೇಳಿದ್ದರು. ಊರಿನ ಗಂಡಸರು ಕೆಲವು ದಿನ ನನ್ನನ್ನು ನೋಡಿ ನಕ್ಕರು, ಆಮೇಲೆ ಬೇಸರವಾಗಿ ಸುಮ್ಮನಾದರು. ಎಲ್ಲ ಸರಿಹೋಯಿತು ಎನ್ನುವಾಗ ಗಾಡಿ ನಿಲ್ಲಲು ಶುರುಮಾಡಿತು.

ಅದು ನಿಲ್ಲುವ ರೀತಿಯೇ ಮೈ ಉರಿಸುವಂಥದ್ದು. ಊರಿನಿಂದ ಹೊರಡುವಾಗ ಒಂದೇ ಕಿಕ್ಕಿಗೆ ಶುರುವಾಗಿ ಒಳ್ಳೆಯ ಹುಡುಗನ ಹಾಗೆ ಓಡುತ್ತಿತ್ತು. ಕಾಲುವೆಯ ಸೇತುವೆ ದಾಟಿ ಜಾಲಿಕಂಟಿಗಳ ಬಯಲಿಗೆ ಬಂದಾಗ ಏದುಸಿರು ಬಿಟ್ಟು, ಎರಡು ಸಲ ಮುಗ್ಗರಿಸಿ, ನಿಂತೇ ಬಿಡುತ್ತಿತ್ತು. ಕಿಕ್ ಹೊಡೆದು ಹೊಡೆದು ನನ್ನ ಕಾಲು ಸೋಲುತ್ತಿತ್ತು. ಸೋತು ರಸ್ತೆಯ ಪಕ್ಕ ಕೂತು, ಗಂಡನಿಂದ ಹಿಡಿದು ಅವನನ್ನು ಹೊತ್ತೊಯ್ದ ಲಾರಿಯವರೆಗೆ ಎಲ್ಲರನ್ನೂ ಬೈದು ಮುಗಿಸುವಷ್ಟರಲ್ಲಿ ಅದು ತಾನಾಗಿಯೇ ಶುರುವಾಗಲು ಒಪ್ಪುತ್ತಿತ್ತು. ಅಷ್ಟರಲ್ಲಿ ಟೆಂಟಿನಲ್ಲಿ ಪರದೆ ಬೆಳ್ಳಗಾಗಿರುತ್ತಿತ್ತು.

ಮೆಕ್ಯಾನಿಕ್ ದೇವೇಂದ್ರಪ್ಪನ ಅಂಗಡಿಗೆ ಎಷ್ಟು ಸಲ ತಳ್ಳಿಕೊಂಡು ಹೋದೆನೋ. ಅವನು ಕಾರ್ಬೊರೇಟರ್ ಬಿಚ್ಚಿ ತೊಳೆದ, ಪ್ಲಗ್ ಬದಲಿಸಿದ, ಪೆಟ್ರೋಲ್ ಬರುವ ಪೈಪು ಊದಿ ನೋಡಿದ. ಪ್ರತಿ ಸಲವೂ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕುವುದು, ಕೊನೆಗೆ ಅಂಗಡಿಯ ಮುಂದೆ ಒಂದು ಸುತ್ತು ಹೊಡೆದು ಬಂದು, ಗಾಡಿ ಸರಿಯಾಗಿದೆ ಎನ್ನುವುದು. ಅಂಗಡಿಯ ಮುಂದೆ ಅದು ಎಂದೂ ನಿಲ್ಲಲಿಲ್ಲ. ಕೊನೆಯ ಸಲ ನಾನು ಬಿಡದೆ ಕೇಳಿದಾಗ ಅವನು ಕೈ ಒರೆಸಿಕೊಳ್ಳುತ್ತ, “ಗಾಡಿಗೆ ಏನೂ ಆಗಿಲ್ಲ ಯವ್ವಾ, ಹೆಣ್ಣಮಕ್ಕಳ ಕೈಗೆ ಹೊಂದವಲ್ದು, ಅಷ್ಟ,” ಎಂದ. ಅಲ್ಲಿ ಕೂತವರೆಲ್ಲ ನಕ್ಕರು. ಕೈಯಲ್ಲಿದ್ದ ಸ್ಪ್ಯಾನರ್ ಕಸಿದು ಅವನ ಹಣೆಗೆ ಬೀಸಬೇಕೆನ್ನಿಸಿತು. ಬೀಸಿದ್ದರೆ ಗಾಡಿ ತಳ್ಳಿಕೊಂಡು ಹೋಗಲು ಬೇರೆ ಅಂಗಡಿ ಇರಲಿಲ್ಲ.

ಮನೆಗೆ ಬಂದರೆ ಅಲ್ಲೊಂದು ಉರಿ. ಗುರುಪಾದವ್ವ ದಿನಾ ಬೆಳಿಗ್ಗೆ ಪೂಜೆ ಮುಗಿಸಿದ ಮೇಲೆ ಗಾಡಿಯ ಹತ್ತಿರ ಬಂದು, ವಿಭೂತಿಯನ್ನು ನೀರಿನಲ್ಲಿ ಕಲಸಿ, ಟ್ಯಾಂಕಿನ ಮೇಲೆ ಮೂರು ಬೆರಳು ಎಳೆಯುತ್ತಿದ್ದಳು. ಮಗ ಹೋದ ಮೇಲೆ ಶುರುವಾದ ಅಭ್ಯಾಸ ಅದು. ಗಾಡಿ ಮಗನದು, ಮಗ ತಿರುಗಿ ಬರಲಿ ಎಂಬ ಆಸೆ ಅವಳದು, ಎಂದುಕೊಂಡು ನಾನು ಆ ಹೊತ್ತಿಗೆ ಮುಖ ತಿರುಗಿಸಿ ಒಳಗೆ ಹೋಗಿಬಿಡುತ್ತಿದ್ದೆ. ಇಬ್ಬರನ್ನೂ ಬೀದಿಗೆ ಬಿಟ್ಟುಹೋದವನಿಗೆ ದಿನಾ ವಿಭೂತಿಯ ಮರ್ಯಾದೆ. ಬಾಯಿ ತೆರೆದರೆ ಏನು ಅಂದುಬಿಡುತ್ತೇನೋ ಎಂದು ತುಟಿ ಕಚ್ಚಿಕೊಂಡು ಸುಮ್ಮನಿದ್ದೆ. ಅವಳೂ ಮಾತು ಕಡಿಮೆಯವಳು. ಒಂದೇ ಸೂರಿನಡಿ ಇಬ್ಬರೂ ರೊಟ್ಟಿ ತಿನ್ನುತ್ತಿದ್ದೆವು, ಅಷ್ಟೇ.

ಕೊನೆಗೊಂದು ದಿನ ಟೆಂಟಿನಲ್ಲಿ ಜನ ಟಿಕೆಟ್ ಕಿಟಕಿಯ ಹಲಗೆ ಮುರಿದರು. ಸಾಹುಕಾರರು ನನ್ನನ್ನು ಕರೆಸಿದರು. ಅವರ ಅಕ್ಕನ ಮಗನೂ ಅಲ್ಲೇ ಕೂತಿದ್ದ, ಹೊರಗೆ ಅವನ ಹೊಸ ಗಾಡಿ ಹೊಳೆಯುತ್ತಿತ್ತು.

“ಐತಾರ ಮ್ಯಾಟ್ನಿ ಆಟಕ್ಕ ಮತ್ತ ಪರದೆ ಬೆಳ್ಳಗ ನಿಂತ್ರ, ಸೋಮಾರದಿಂದ ಇವ ಪೆಟಗಿ ಒಯ್ತಾನ,” ಎಂದರು ಸಾಹುಕಾರರು. “ಆಮ್ಯಾಲ ಮನಿಗೆ ಬಂದು ಅಳಬ್ಯಾಡ.”

“ಅಳಾಕಂತ ನಾ ಯಾರ ಮನಿಗೂ ಹೋಗಿಲ್ರಿ,” ಎಂದೆ. ಹೇಳಿ ಹೊರಗೆ ಬಂದೆ. ಆ ಕೆಲಸ ಹೋದರೆ ಆ ಊರಿನಲ್ಲಿ ನನಗೆ ಇನ್ನೊಂದು ಕೆಲಸ ಯಾರೂ ಕೊಡುವವರಿರಲಿಲ್ಲ. ಗಂಡ ಬಿಟ್ಟವಳು, ಗಂಡಸಿನ ಅಂಗಿ ತೊಟ್ಟವಳು ಎಂದು ನನ್ನ ಬೆನ್ನ ಹಿಂದೆ ಆಡುವ ಮಾತು ನನಗೂ ಕೇಳಿಸಿತ್ತು.

ಐತವಾರ ಬಂತು. ಮೊದಲ ಪೆಟ್ಟಿಗೆ ಹೇರಿಕೊಂಡು ಹೊರಟೆ. ಸೇತುವೆ ದಾಟಿದೆ, ಜಾಲಿಕಂಟಿಯ ಬಯಲಿಗೆ ಬಂದೆ, ಗಾಡಿ ಮುಗ್ಗರಿಸಿತು, ನಿಂತಿತು. ಬಿಸಿಲು ನೆತ್ತಿ ಸುಡುತ್ತಿತ್ತು. ಅಳು ಬರಲಿಲ್ಲ, ಸಿಟ್ಟು ಬಂತು, ಅದರ ಜೊತೆ ಒಂದು ಅನುಮಾನವೂ ಬಂತು. ಗಾಡಿ ಬೆಳಗಿನಿಂದ ಟಾಕೀಸಿನ ಹಿಂದೆ ನಿಂತಿತ್ತು, ಆ ಅಕ್ಕನ ಮಗನೂ ಅಲ್ಲೇ ಸುಳಿದಾಡುತ್ತಿದ್ದ. ಪೆಟ್ರೋಲನ್ನೇ ಕದ್ದಿದ್ದಾನೆ ಭಾಡ್ಯಾ ಎಂದುಕೊಂಡು ಟ್ಯಾಂಕಿನ ಮುಚ್ಚಳಕ್ಕೆ ಕೀಲಿ ತಿರುವಿದೆ. ಪೆಟ್ರೋಲು ತುಂಬಿಸುತ್ತಿದ್ದವಳು ನಾನೇ ಆದ್ದರಿಂದ ಅಲ್ಲಿಯವರೆಗೆ ನಡುದಾರಿಯಲ್ಲಿ ಮುಚ್ಚಳ ತೆರೆಯುವ ಯೋಚನೆ ಬಂದೇ ಇರಲಿಲ್ಲ.

ಮುಚ್ಚಳ ಸುಲಭಕ್ಕೆ ಬರಲಿಲ್ಲ. ಯಾರೋ ಒಳಗಿನಿಂದ ಹಿಡಿದೆಳೆದ ಹಾಗಿತ್ತು. ಜಗ್ಗಿ ತೆಗೆದಾಗ ಸುಸ್ಸೆಂದು ಗಾಳಿ ಒಳಗೆ ನುಗ್ಗಿದ ಸದ್ದು. ಪೆಟ್ರೋಲು ತುಂಬಿದ್ದು ತುಂಬಿದ ಹಾಗೇ ಇತ್ತು. ಮುಚ್ಚಳ ಹಾಕಿ ಕಿಕ್ ಹೊಡೆದೆ. ಮೊದಲ ಕಿಕ್ಕಿಗೇ ಶುರುವಾಯಿತು.

ಸ್ವಲ್ಪ ದೂರ ಹೋದ ಮೇಲೆ ಮತ್ತೆ ನಿಂತಿತು. ಈ ಸಲ ಕಿಕ್ಕಿಗೆ ಕಾಲು ಹಾಕಲಿಲ್ಲ, ನೇರ ಮುಚ್ಚಳಕ್ಕೆ ಕೈ ಹಾಕಿದೆ. ಮತ್ತೆ ಸುಸ್ಸೆಂಬ ಸದ್ದು, ಮತ್ತೆ ಮೊದಲ ಕಿಕ್ಕಿಗೇ ಗಾಡಿ ಸಿದ್ಧ. ಆಗ ತಲೆಗೆ ಹೊಳೆಯಿತು. ಹೊಸ ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಗುಳುಗುಳು ಎಂದು ನಿಂತುಬಿಡುತ್ತದೆ, ಗಾಳಿ ಹೋಗಲು ಇನ್ನೊಂದು ಮೂಲೆಗೆ ತೂತು ಬೇಕು. ಇದು ಅಡಿಗೆಮನೆಯಲ್ಲಿ ಕೆಲಸ ಮಾಡಿದ ಯಾರಿಗೂ ಗೊತ್ತು. ಗಾಡಿಗೂ ಅದೇ ಆಗಿತ್ತು. ಟ್ಯಾಂಕಿಗೆ ಗಾಳಿ ಹೋಗದೆ ಪೆಟ್ರೋಲು ಕೆಳಗಿಳಿಯುತ್ತಿರಲಿಲ್ಲ. ದೇವೇಂದ್ರಪ್ಪ ಪ್ರತಿ ಸಲ ಮುಚ್ಚಳ ತೆಗೆದೇ ಕೆಲಸ ಶುರುಮಾಡುತ್ತಿದ್ದ, ಅದಕ್ಕೇ ಅವನ ಅಂಗಡಿಯ ಮುಂದೆ ಅದು ನಿಲ್ಲುತ್ತಿರಲಿಲ್ಲ.

ಮುಚ್ಚಳ ತಿರುಗಿಸಿ ನೋಡಿದೆ. ಮೇಲ್ಭಾಗದ ನಡುವೆ ಸಣ್ಣದೊಂದು ತೂತು ಇರಬೇಕಾದಲ್ಲಿ ಗೋಡೆಗೆ ಸುಣ್ಣ ಮೆತ್ತಿದ ಹಾಗೆ ಬಿಳಿ ಹೆಕ್ಕಳೆ ಕಟ್ಟಿತ್ತು. ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಚುಚ್ಚಿದೆ. ಒಣಗಿದ ವಿಭೂತಿ ಉದುರಿತು. ತೂತಿನೊಳಗಿನದೂ ಅದೇ. ದಿನಾ ಕಲಸಿ ಹಚ್ಚಿದ್ದು, ಒಂದರ ಮೇಲೊಂದು ಕೂತು, ಕಲ್ಲಾಗಿ ಗಾಳಿಯ ದಾರಿ ಮುಚ್ಚಿಬಿಟ್ಟಿತ್ತು. ಮೂರು ಬೆರಳಿನಲ್ಲಿ ನಡುಬೆರಳು ಬೀಳುತ್ತಿದ್ದದ್ದು ಸರಿಯಾಗಿ ಆ ತೂತಿನ ಮೇಲೆ.

ನನಗೆ ಪಿತ್ತ ನೆತ್ತಿಗೇರಿತು. ನನ್ನ ಅನ್ನ ಕಿತ್ತುಕೊಳ್ಳಲು ಹೊರಟವರು ಸಾಹುಕಾರರೂ ಅಲ್ಲ, ಅವರ ಅಕ್ಕನ ಮಗನೂ ಅಲ್ಲ, ನನ್ನ ಮನೆಯಲ್ಲೇ ಕೂತ ಅತ್ತೆ. ಅದೂ ಯಾರಿಗಾಗಿ? ಓಡಿಹೋದ ಮಗನಿಗಾಗಿ. ಉದುರಿದ ಹೆಕ್ಕಳೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಗಾಡಿ ಹತ್ತಿದೆ. ಅಂದು ಓಡಿಸಿದ ಹಾಗೆ ನಾನು ಎಂದೂ ಓಡಿಸಿಲ್ಲ.

ಟೆಂಟಿನ ಬಾಗಿಲಲ್ಲಿ ಸಾಹುಕಾರರು ಕೈಗಡಿಯಾರ ನೋಡುತ್ತ ನಿಂತಿದ್ದರು. ಆಪರೇಟರ್ ಓಡಿಬಂದು ಪೆಟ್ಟಿಗೆ ಕಸಿದುಕೊಂಡ. ಒಳಗೆ ಸಿನಿಮಾಕ್ಕೆ ಮೊದಲು ಹಾಕುವ ನ್ಯೂಸ್ ರೀಲಿನ ಕೊನೆಯ ಸುತ್ತು ತಿರುಗುತ್ತಿತ್ತು. ಪರದೆ ಬೆಳ್ಳಗಾಗಲಿಲ್ಲ. ಆ ಪೆಟ್ಟಿಗೆಗೂ ಆಗಲಿಲ್ಲ, ಮುಂದಿನವುಗಳಿಗೂ ಆಗಲಿಲ್ಲ. ಆಟ ಬಿಟ್ಟಾಗ ಸಾಹುಕಾರರು ಶಹಬ್ಬಾಸ್ ಅನ್ನಲಿಲ್ಲ, ಸಂಜೆಯ ಆಟಕ್ಕೆ ತಡಮಾಡಬೇಡ ಎಂದಷ್ಟೇ ಗೊಣಗಿದರು. ಕೆಲಸ ಉಳಿಯಿತೆಂದು ನನಗೆ ಗೊತ್ತಾದದ್ದು ಹಾಗೆ. ಆದರೆ ಸಂತೋಷಪಡಲು ನನಗೆ ಪುರುಸೊತ್ತಿರಲಿಲ್ಲ. ಮನೆಗೆ ಹೋಗುವ ಅವಸರವಿತ್ತು.

ಗುರುಪಾದವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಜೇಬಿನಿಂದ ಹೆಕ್ಕಳೆ ತೆಗೆದು ಆ ಮೊರದೊಳಕ್ಕೇ ಒಗೆದೆ. ಏನಾಗಿತ್ತು, ಹೇಗಾಗಿತ್ತು ಎಂದು ಇಡೀ ಓಣಿಗೆ ಕೇಳುವಂತೆ ಹೇಳಿದೆ. ಮದುವೆಯಾಗಿ ಬಂದಂದಿನಿಂದ ಅವಳಿಗೆ ‘ನೀವು’ ಎನ್ನುತ್ತಿದ್ದವಳು ಅಂದು ಏಕವಚನಕ್ಕೆ ಇಳಿದಿದ್ದೆ.

“ಓಡಿಹೋದ ಮಗನ ಸಲುವಾಗಿ ನನ್ನ ಅನ್ನಕ್ಕ ಮಣ್ಣ ಹಾಕಾಕತ್ತೀಯೇನು? ಅವ ಬರಾಂಗಿಲ್ಲ. ನೀ ಗಾಡಿಗೆ ಅಷ್ಟ ಅಲ್ಲ, ಊರಿಗೆಲ್ಲಾ ಇಬತ್ತಿ ಬಳದ್ರೂ ಅವ ಬರಾಂಗಿಲ್ಲ.”

ಅವಳು ಜೋಳದಲ್ಲಿ ಬಿದ್ದ ಬಿಳಿ ಚೂರುಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿಟ್ಟುಕೊಂಡಳು. ಆಮೇಲೆ ತಲೆ ಎತ್ತಿದಳು. ಅವಳ ಮುಖದಲ್ಲೂ ಸಿಟ್ಟಿತ್ತು. ಅದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ಅವನ ಹೆಸರ ತಗೀಬ್ಯಾಡ ನನ್ನ ಮುಂದ,” ಎಂದಳು. “ಅವ ಹೋದ ಮ್ಯಾಲ ಅವನ ಹೆಸರಿಲೆ ನಾ ಒಂದ ಊದಿನಕಡ್ಡೀನೂ ಹಚ್ಚಿಲ್ಲ. ನಿನ್ನ ಹಣಿಗೆ ಹಚ್ಚಾಕ ಬಂದ್ರ ಕೈ ಜಾಡಿಸಿದಿ. ಬರೇ ಹಣೀಲೆ ಅಷ್ಟ ದೂರ ಹೆಂಗ ಕಳಸಲಿ ನಿನ್ನ? ನೀ ಏರೂ ಗಾಡಿಗರೆ ಇರ್ಲಿ ಅಂತ ಹಚ್ಚಿದೆ.”

ಅವಳು ಹೇಳಿದ್ದು ನಿಜ. ಗಂಡ ಹೋದ ಸುದ್ದಿ ಬಂದ ಮೇಲೆ ಓಣಿಯ ಹೆಂಗಸರು ಮಾತಿಗೆ ಮೊದಲು ನನ್ನ ಹಣೆ ನೋಡುತ್ತಿದ್ದರು, ಇನ್ನೂ ಕುಂಕುಮ ಇಡುತ್ತಾಳೋ ಇಲ್ಲವೋ ಎಂದು. ಒಂದು ಬೆಳಿಗ್ಗೆ ರೋಸಿಹೋಗಿ ಕುಂಕುಮ, ವಿಭೂತಿ ಎಲ್ಲವನ್ನೂ ಒರೆಸಿಹಾಕಿದ್ದೆ. ಗಾಡಿ ಹತ್ತುವಾಗ ಗುರುಪಾದವ್ವ ವಿಭೂತಿ ಹಿಡಿದು ಬಂದಳು, ನಾನು ಕೈ ಜಾಡಿಸಿದೆ, ಅದು ಅಂಗಳಕ್ಕೆ ಚೆಲ್ಲಿತು. ನನಗದು ಮರೆತೇ ಹೋಗಿತ್ತು. ಆ ದಿನಗಳಲ್ಲಿ ನಾನು ಜಾಡಿಸದ ಕೈ ಯಾವುದಿತ್ತು?

ಸಂಜೆಯ ಆಟದ ಹೊತ್ತಾಗುತ್ತಿತ್ತು. ನೀರು ಕುಡಿದು, ಗಾಡಿ ಹತ್ತಿ, ಕಿಕ್ ಹೊಡೆದೆ. ಸಿಟ್ಟು ಇನ್ನೂ ಎದೆಯಲ್ಲಿ ಹಾಗೇ ಇತ್ತು, ಆದರೆ ಅದನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ. ತಿರುಗಿ ನೋಡಿದರೆ ಅವಳು ಒಳಗಿನಿಂದ ವಿಭೂತಿ ಕಲಸಿಕೊಂಡು ಬಂದು ಹೊಸಲಿನಲ್ಲಿ ನಿಂತಿದ್ದಳು. ಗಾಡಿಗೆ ಹಚ್ಚುವ ಹಾಗಿಲ್ಲ, ನನ್ನನ್ನು ಕೇಳುವ ಹಾಗಿಲ್ಲ. ಮೂರು ಬೆರಳು ಮುಂದೆ ಹಿಡಿದುಕೊಂಡಿದ್ದಳು.

ಇಂಜಿನ್ ಬಂದ್ ಮಾಡಲಿಲ್ಲ, ಗಾಡಿಯಿಂದ ಇಳಿಯಲೂ ಇಲ್ಲ. ಕೂತಲ್ಲೇ ತಲೆ ಬಗ್ಗಿಸಿದೆ.

“ಲಗೂನ ಹಚ್ಚರಿ ಅತ್ತಿ,” ಎಂದೆ. ಬೈಯುವ ದನಿಯಲ್ಲೇ ಬಂತು ಮಾತು. “ಆಟಕ್ಕ ಹೊತ್ತಾಗತೈತಿ.”

ಅವಳು ಹೊಸಲು ಇಳಿದು ಬಂದಳು. ಅವಸರ ಮಾತ್ರ ಮಾಡಲಿಲ್ಲ.