ಮಲ್ಲಿಗೆ ಕುಂಡದ ಚಹಾ

ಗೋಕಾಕದಲ್ಲಿ ಅರಳೆಯ ಗಾದಿ ತುಂಬುವ ಜಾಫರಸಾಬರ ಮನೆಯ ಮಾಳಿಗೆಯ ಮೇಲೊಂದು ಖೋಲಿ. ಅಲ್ಲಿ ಬಾಡಿಗೆಗಿದ್ದ ಅರ್ಚನಾ ಎಂಟು ತಿಂಗಳಿಂದ ಒಂದು ಕಳ್ಳತನ ಮಾಡುತ್ತ ಬಂದಿದ್ದಳು.

ಬೆಳಗಾದರೆ ಸಾಕು, ಕೆಳಗಿನಿಂದ ಜಾಫರಸಾಬರ ಹೆಂಡತಿ ಸುಲ್ತಾನಾಬಿಯ ಕೂಗು: "ಬೇಟೀ, ಚಾ ಆಗೇತಿ, ಬಾ!"

ಅರ್ಚನಾ ಇಳಿದು ಹೋಗಿ ಹಬೆಯಾಡುವ ಕಪ್ಪನ್ನು ಎರಡೂ ಕೈಯಿಂದ ಇಸಿದುಕೊಂಡು, "ಮ್ಯಾಲ ಹೋಗಿ ಕುಡಿತೇನ್ರಿ ಖಾಲಾ" ಎಂದು ಮೆಟ್ಟಿಲೇರುವಳು. ಏರಿದವಳೇ ಮೂಲೆಯ ದುಂಡುಮಲ್ಲಿಗೆ ಕುಂಡಕ್ಕೆ ಅದನ್ನು ಸುರಿದು, ಕಪ್ಪು ತೊಳೆದು, ಏನೂ ಆಗಿಲ್ಲವೆಂಬಂತೆ ಕೆಳಗಿಟ್ಟು ಬರುವಳು.

ಅರ್ಚನಾ ಗದಗಿನ ಹುಡುಗಿ. ಕ್ರೈಸ್ತರಲ್ಲಿ ಒಂದು ಪಂಗಡವಾದ ಮಾರ್ಮನ್ ಸಭೆಯ ಸೇವೆಗೆ ಬಂದವಳು. ಒಂದೂವರೆ ವರ್ಷ ಮನೆ ಬಿಟ್ಟು, ಕಳಿಸಿದ ಊರಲ್ಲಿ ಇಬ್ಬಿಬ್ಬರಾಗಿ ಇದ್ದು, ಕರೆದವರ ಮನೆಗೆ ಹೋಗಿ ಪ್ರಾರ್ಥನೆ, ಪಾಠ, ಕೈಲಾದ ನೆರವು ಮಾಡುವುದು ಅವರ ರೂಢಿ. ಚಹಾ, ಕಾಫಿ ಮಾತ್ರ ಅವರಿಗೆ ನಿಷಿದ್ಧ. "ಒಲ್ಲೆನ್ರಿ" ಅಂದರೆ ಮುಗಿಯುತ್ತಿತ್ತು. ಆದರೆ ಆ ಮಾತು ಅವಳ ಗಂಟಲಿನ ತನಕ ಬಂದು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಿತ್ತು. ಬಿ.ಎ. ಪಾಸಾಗಿದ್ದಳು, ಬಾಯಿ ಪಾಸಾಗಿರಲಿಲ್ಲ. ಹೇಳಬೇಕಾದುದನ್ನೆಲ್ಲ ಅವಳು ಡೈರಿಗೆ ಹೇಳುತ್ತಿದ್ದಳು. ಹಿಂದಿದ್ದ ಜೊತೆಗಾತಿಯೂ ಅಂಥವಳೇ. ನಕ್ಕು, ತನ್ನ ಕಪ್ಪನ್ನೂ ಇವಳ ಕೈಗೆ ಕೊಟ್ಟು ಸುಮ್ಮನಾಗಿದ್ದಳು. ಮಲ್ಲಿಗೆ ಮಾತ್ರ ಎರಡೆರಡು ಕಪ್ಪು ಕುಡಿದು ಸೊಂಪಾಗಿ ಬೆಳೆದಿತ್ತು.

ಈಗ ಆ ಜೊತೆಗಾತಿ ಹೋಗಿ, ಅವಳ ಜಾಗಕ್ಕೆ ಫಿಜಿ ದ್ವೀಪದಿಂದ ಲಿತಿಯಾ ಬಂದಳು. ಆಳೆತ್ತರದ ಹುಡುಗಿ, ಬೀದಿಗೆಲ್ಲ ಕೇಳುವ ನಗು, ಬಾಯಲ್ಲಿ ನಲವತ್ತೇ ನಲವತ್ತು ಕನ್ನಡ ಶಬ್ದ. ಹನ್ನೆರಡು ವಾರ ಅವಳನ್ನು ತಿದ್ದಿ ತಯಾರು ಮಾಡುವ ಹೊಣೆ ಅರ್ಚನಾಳದು. ಜೊತೆಗಾತಿಯರು ಒಬ್ಬರಿಗೊಬ್ಬರು ಕಣ್ಣಿಗೆ ಕಾಣುವಂತೆ, ಕಿವಿಗೆ ಕೇಳುವಂತೆ ಇರಬೇಕೆಂಬುದು ನಿಯಮ. ಹೀಗಾಗಿ ಮೊದಲ ಬೆಳಿಗ್ಗೆಯೇ ಕಳ್ಳತನ ಕಣ್ಣಿಗೆ ಬಿತ್ತು.

"ಸಿಸ್ಟರ್, ಗಿಡಕ್ಕೇಕೆ?" ಲಿತಿಯಾ ಇಂಗ್ಲಿಷಿನಲ್ಲಿ ಕೇಳಿದಳು. ಅವರಿಬ್ಬರ ನಡುವೆ ಅದೇ ಭಾಷೆ.

ಅರ್ಚನಾಳ ಕಿವಿ ಕೆಂಪಾದವು. "ಇಲ್ಲಿ ಹೀಗೇ" ಎಂದಳು.

ಲಿತಿಯಾ ಗಂಭೀರವಾಗಿ ತಲೆಯಾಡಿಸಿ ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಏನು ಬರೆದಳೆಂದು ಅರ್ಚನಾ ಕೇಳಲಿಲ್ಲ. ಅಲ್ಲೇ ಎಡವಟ್ಟಾಗಿದ್ದು.

ನಾಲ್ಕನೆಯ ದಿನ ಸುಲ್ತಾನಾಬಿಗೆ ಹೊಸ ಹುಡುಗಿಯ ಮೇಲೆ ಅಕ್ಕರೆ ಉಕ್ಕಿತು. "ಇವತ್ತ ಮ್ಯಾಲ ಗೀಲ ಬ್ಯಾಡ. ಇಲ್ಲೇ ಪಡಸಾಲ್ಯಾಗ ಕುಂತು ಕುಡೀರಿ" ಎಂದು ಇಬ್ಬರನ್ನೂ ಚಾಪೆಯ ಮೇಲೆ ಕೂಡ್ರಿಸಿ ಕಪ್ಪು ಕೊಟ್ಟಳು. ಅರ್ಚನಾ ಕಪ್ಪು ಹಿಡಿದು ಬಿಸಿಯ ನೆವದಲ್ಲಿ ಊದತೊಡಗಿದಳು. ಊದಿದಳು, ಊದಿದಳು. ಅಷ್ಟರಲ್ಲಿ ಲಿತಿಯಾ ಎದ್ದು, ಬಾಗಿಲ ಬಾಜೂಕಿನ ಕರಿಬೇವಿನ ಕುಂಡದ ಮುಂದೆ ಭಕ್ತಿಯಿಂದ ತಲೆ ಬಾಗಿಸಿ, ಚಹಾವನ್ನು ಸಣ್ಣ ಧಾರೆಯಾಗಿ, ಒಂದು ಹನಿಯೂ ಹೊರಗೆ ಬೀಳದಂತೆ ಸುರಿದಳು. ಅವಳ ಊರಲ್ಲಿ ಗೌರವದ ಪಾನ ಮುಗಿದಾಗ ಅಂಗೈ ಬೊಗಸೆ ಮಾಡಿ ಮೂರು ಸಲ ಚಪ್ಪಾಳೆ ತಟ್ಟುತ್ತಾರೆ. ಅದನ್ನೂ ತಟ್ಟಿದಳು: ಢಬ್, ಢಬ್, ಢಬ್.

ದಾಡಿಗೆ ಅರಳೆ ಅಂಟಿಸಿಕೊಂಡು ಕೂತಿದ್ದ ಜಾಫರಸಾಬ ಬಾಯಿ ತೆರೆದವರು ಮುಚ್ಚಲಿಲ್ಲ. ಸುಲ್ತಾನಾಬಿ ಲಿತಿಯಾಳನ್ನು ನೋಡಲೇ ಇಲ್ಲ. ಅವಳು ನೋಡಿದ್ದು ಅರ್ಚನಾಳ ಕೈಯಲ್ಲಿದ್ದ ತುಂಬಿದ ಕಪ್ಪನ್ನು. ನೋಡಿ, ಎದ್ದು ಒಳಗೆ ಹೋದಳು.

ಸಂಜೆ ಜಾಫರಸಾಬ ಮೆಟ್ಟಿಲ ಬುಡಕ್ಕೆ ಬಂದು ಕೆಮ್ಮಿದರು. "ಬೇಟಾ, ಮುಂದಿನ ತಿಂಗಳ ಖೋಲಿ ಬಿಡಬೇಕಂತ. ನಿಮ್ಮ ಖಾಲಾ ಹೇಳ್ಯಾಳ. ಕಾರಣ ನನ್ನ ಕೇಳಬ್ಯಾಡ್ರಿ, ನನಗೂ ಹೇಳಿಲ್ಲ."

ಮದುವೆಯಾಗದ ಇಬ್ಬರು ಹುಡುಗಿಯರಿಗೆ ಊರಲ್ಲಿ ಖೋಲಿ ಸಿಗುವುದು ಹುಡುಗಾಟವಲ್ಲ. ಇದನ್ನು ಹುಡುಕಲಿಕ್ಕೇ ಎರಡು ತಿಂಗಳು ಹಿಡಿದಿತ್ತು. ಇದು ಹೋದರೆ ಅವರನ್ನು ಬೇರೆ ಊರಿಗೆ ಕಳಿಸುತ್ತಾರೆ. ಹುಕ್ಕೇರಿಯ ಗುರುವಾರದ ಇಂಗ್ಲಿಷ್ ಕ್ಲಾಸು, ಮೂಡಲಗಿಯ ಅನ್ನಪೂರ್ಣಾ ಬಾಯಿಯ ಮನೆಯ ಪ್ರಾರ್ಥನೆ, ಎಲ್ಲ ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಸುಲ್ತಾನಾಬಿಯ ಆ ನೋಟ. ಮರುದಿನ ಬೆಳಿಗ್ಗೆ ಚಹಾಕ್ಕೆ ಕೂಗು ಬರಲಿಲ್ಲ. ಎಂಟು ತಿಂಗಳು ಯಾವ ಕೂಗಿಗೆ ಹೆದರಿದ್ದಳೋ ಅದಿಲ್ಲದೆ ಅರ್ಚನಾಗೆ ಬೆಳಗಾದಂತೆಯೇ ಅನಿಸಲಿಲ್ಲ.

ಅಂದು ಮೂಡಲಗಿಗೆ ಹೊರಟ ಬಸ್ಸಿನಲ್ಲಿ ಎದುರು ಸೀಟಿನ ಉದ್ದಪ್ಪನೆಂಬ ಮುದುಕ ಇಬ್ಬರ ಎದೆಯ ಮೇಲಿದ್ದ ಹೆಸರಿನ ಪಟ್ಟಿ ನೋಡಿ ಕಾಲು ಮುಂದೆ ಚಾಚಿದ. "ನರ್ಸಬಾಯಾರ, ಮೊಣಕಾಲಿಗೆ ಒಂದ ಗುಳಗಿ ಕೊಡ್ರೆಲಾ."

"ನಾವು ನರ್ಸ ಅಲ್ರಿ ಅಜ್ಜಾರ."

"ಮತ್ತ್ಯಾಕ ಪಟ್ಟಿ ಬಡಕೊಂಡ ಅಡ್ಡಾಡ್ತೀರಿ?" ಎಂದು ಬೇಸರದಿಂದ ಕಾಲು ಒಳಗೆಳೆದುಕೊಂಡ.

ಲಿತಿಯಾ ನಕ್ಕಳು. ಅರ್ಚನಾ ನಗಲಿಲ್ಲ. ಕಲ್ಲೋಳಿ ದಾಟುವಷ್ಟರಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಎಲ್ಲ ಹೇಳಿಬಿಟ್ಟಳು: ಗಿಡಕ್ಕೆ ಚಹಾ ಹಾಕುವುದು ಇಲ್ಲಿಯ ಪದ್ಧತಿಯಲ್ಲ, ತನ್ನ ಅಂಜುಬುರುಕತನ ಅಷ್ಟೇ ಎಂದು.

ಲಿತಿಯಾ ಮೆಲ್ಲಗೆ ಪುಸ್ತಕ ತೆರೆದು ತೋರಿಸಿದಳು. ದುಂಡಗಿನ ಅಕ್ಷರದಲ್ಲಿ ಬರೆದಿತ್ತು: 'ಗೋಕಾಕದಲ್ಲಿ ಚಹಾ ಮೊದಲು ಗಿಡಕ್ಕೆ. ಎಷ್ಟು ಚಂದದ ಪದ್ಧತಿ!'

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಬಸ್ಸು ನಡುಗುವಂತೆ ನಕ್ಕರು. ಉದ್ದಪ್ಪ, "ಇವರಿಗೇ ಗುಳಗಿ ಬೇಕಾಗೇತಿ" ಎಂದ.

ನಗು ಇಳಿದ ಮೇಲೆ ಲಿತಿಯಾ ಹೇಳಿದಳು: "ಹಾಗಾದರೆ ಅವರಿಗೂ ಹೇಳು."

"ನನ್ನಿಂದಾಗದು."

"ನಾಳೆ ಅಭ್ಯಾಸ ಮಾಡೋಣ."

ದಿನಾ ಬೆಳಿಗ್ಗೆ ಒಬ್ಬಳು ಮನೆಯವಳಾಗಿ, ಇನ್ನೊಬ್ಬಳು ಭೇಟಿಗೆ ಬಂದವಳಾಗಿ ಮಾತು ರೂಢಿ ಮಾಡಿಕೊಳ್ಳುವುದು ಅವರ ದಿನಚರಿಯಲ್ಲಿತ್ತು. ಮರುದಿನ ಲಿತಿಯಾ ತಲೆಯ ಮೇಲೆ ದುಪಟ್ಟಾ ಹೊದ್ದು, ಸೊಂಟಕ್ಕೆ ಕೈಯಿಟ್ಟು ಸುಲ್ತಾನಾಬಿಯಾದಳು. "ಬೇಟೀ! ಚಾ ಆಗೇತಿ, ಬಾ!" ಎಂದು ಗುಡುಗಿದಳು.

"ಖಾಲಾ, ನಾ..." ಅರ್ಚನಾಳ ದನಿ ಅಲ್ಲಿಗೇ ಸತ್ತಿತು.

"ಬೇಟೀ! ಚಾ!"

ಕೆಳಗಿನಿಂದ ಜಾಫರಸಾಬರ ದನಿ ಬಂತು: "ಯಾರ‍್ವಾ ಅದು ನಿಮ್ಮ ಖಾಲಾನಂಗ ಒದರಾಕತ್ತಾರು? ನನಗ ಒಬ್ಬಾಕೀನ ಸಾಕಾಗೇತಿ!"

ಏಳನೆಯ ಸಲಕ್ಕೆ ಮಾತು ಹೊರಬಿತ್ತು. ಅದರ ಬಿಸಿ ಆರುವ ಮೊದಲೇ ಎಂದು ಅರ್ಚನಾ ದಡದಡ ಇಳಿದಳು. ಲಿತಿಯಾ ನಿಯಮದಂತೆ ಹಿಂದೆಯೇ.

ಸುಲ್ತಾನಾಬಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

"ಖಾಲಾ, ನಾ ಚಾ ಕುಡ್ಯಾಂಗಿಲ್ರಿ."

"ಗೊತ್ತೈತಿ. ನಮ್ಮ ಮನಿ ಚಾ ಕುಡ್ಯಾಂಗಿಲ್ಲ." ಮೊರ ಒಮ್ಮೆ ಕೇರಿತು. "ಅರಿವಿ ಒಣಹಾಕಾಕ ಮ್ಯಾಲ ಬಂದಾಗ ಗಿಡದ ಬುಡಕ ಚಾದ ಕಲಿ ಕಂಡೀನಿ. ಆರ ತಿಂಗಳಾತು."

ಅರ್ಚನಾ ಮೊರದ ಎದುರಿಗೇ ಕೂತಳು. "ಮತ್ತ ದಿನಾ ಕೊಟ್ರೆಲ್ರಿ?"

"ಇವತ್ತ ಕುಡದೀತು, ನಾಳೆ ಕುಡದೀತು ಅಂತ. ಮುಸಲ್ಮಾನರ ಕೈಯಾಂದು ಅಂತ ಹುಡಿಗಿಗಿ ಹೇಸಿಕಿ ಇದ್ದೀತು, ತಾನಾ ಹೋದೀತು ಅಂದ್ಕೊಂಡ್ನಿ. ನೀ ನೋಡಿದ್ರ ಹೊಸಾಕಿಗೂ ಕಲಿಸಿಬಿಟ್ಟಿ. ನನ್ನ ಮನ್ಯಾಗ, ನನ್ನ ಕಣ್ಣಮುಂದ, ನನ್ನ ಕರಿಬೇವಿಗಿ!"

ರೂಢಿ ಮಾಡಿದ ಮಾತೆಲ್ಲ ಅರ್ಚನಾಳ ತಲೆಯಿಂದ ಹಾರಿಹೋಯಿತು. ರೂಢಿ ಮಾಡದ ಮಾತು ತಾನಾಗಿ ಬಂತು.

"ಖಾಲಾ, ನನ್ನ ಹಡದವ್ವ ಮಾಡಿಕೊಟ್ರೂ ಕುಡ್ಯಾಂಗಿಲ್ರಿ! ನಮ್ಮ ಧರ್ಮದಾಗ ಚಾ ಬ್ಯಾಡ, ಕಾಫಿ ಬ್ಯಾಡ ಅಂದಾರ. ಒಲ್ಲೆ ಅನ್ನಾಕ ನಾಚಿಕಿ ಬಂತು, ಅದಕ್ಕ ಚೆಲ್ಲಿದ್ನಿ. ನಿಮ್ಮ ಕೈಯಾಂದ ಬ್ಯಾಡ ಅಂತಲ್ಲ. ಬೇಕಾರ ಈಗ ಏನರ ಕೊಡ್ರಿ, ನಿಮ್ಮ ಮುಂದ ಕುಡಿತೇನಿ. ಚಾ ಒಂದ ಬಿಟ್ಟು!"

ಮೊರ ನಿಂತಿತು. ಸುಲ್ತಾನಾಬಿ ಮೊದಲ ಸಲ ತಲೆಯೆತ್ತಿದಳು. "ಅಂದ್ರ ಚಾ ನಿಮಗ ಹರಾಮ ಏನ?"

"ಹಂಗಽ ಅನ್ರಿ."

"ಯಾ ಅಲ್ಲಾ!" ಸುಲ್ತಾನಾಬಿ ಹಣೆ ಬಡಿದುಕೊಂಡಳು. "ಹರಾಮ ಅಂದ್ರ ನನಗ ತಿಳಿಯಾಂಗಿಲ್ಲೇನ ಹುಚ್ಚಿ? ಮದುವಿ ಮನ್ಯಾಗ ತುತ್ತ ಎತ್ತೂಕಿಂತ ಮೊದಲ ಹಲಾಲ ಐತೇನ ಅಂತ ಹತ್ತ ಸಲ ಕೇಳಿ ಉಣ್ಣಾಕಿ ನಾನು. ನನ್ನ ಮುಂದ ಹೇಳಾಕ ಎಂಟ ತಿಂಗಳ ಬೇಕಾತ? ಎಂಟ ತಿಂಗಳ ಎಬ್ಬಿಸಿ ಎಬ್ಬಿಸಿ ನಿನಗ ಹರಾಮ ಕಾಸಿ ಕೊಟ್ಟೇನಲ್ಲಬೇ! ಆ ಪಾಪ ಯಾರ ತಲಿ ಮ್ಯಾಲ?"

"ಮಲ್ಲಿಗಿ ತಲಿ ಮ್ಯಾಲ್ರಿ" ಎಂದಳು ಅರ್ಚನಾ. ತನ್ನ ಬಾಯಿಂದಲೇ ಬಂತೇ ಎಂದು ಆಮೇಲೆ ಅವಳಿಗೇ ಸೋಜಿಗವಾಯಿತು.

ಸುಲ್ತಾನಾಬಿ ಎಷ್ಟು ನಕ್ಕಳೆಂದರೆ ಮೊರದ ಜೋಳ ಪಡಸಾಲೆಯ ತುಂಬ ಹರಡಿತು. ಮೂವರೂ ಮೊಣಕಾಲೂರಿ ಆರಿಸಿದರು. ಆಮೇಲೆ ಬೆಲ್ಲ, ಶುಂಠಿ ಹಾಕಿದ ಬಿಸಿ ಹಾಲು ಬಂತು. ಅರ್ಚನಾ ನಾಲಗೆ ಸುಟ್ಟುಕೊಂಡರೂ ಬಿಡದೆ ಕೊನೆಯ ಗುಟುಕಿನವರೆಗೆ ಕುಡಿದಳು. ಲಿತಿಯಾ ಖಾಲಿ ಕಪ್ಪು ಕೆಳಗಿಟ್ಟು ಢಬ್ ಢಬ್ ಢಬ್ ಎಂದು ತಟ್ಟಿದಳು. ಸುಲ್ತಾನಾಬಿಯೂ ತಟ್ಟಿದಳು.

ಸದ್ದು ಕೇಳಿ ಜಾಫರಸಾಬ ಇಣುಕಿದರು. "ಮತ್ತ ಆ ಖೋಲಿ ಬಿಡೂದು..."

"ಯಾವ ಖೋಲಿ? ಹೋಗಿ ಗಾದಿ ತುಂಬ್ರಿ ನೀವು."

ಒಂದು ವಾರದಲ್ಲಿ ಮಾಳಿಗೆಯ ಮಲ್ಲಿಗೆ ಯಾಕೋ ಮಂಕಾಯಿತು. "ಗಿಡಕ್ಕ ಚಟ ಹತ್ತೇತಿ" ಎಂದಳು ಸುಲ್ತಾನಾಬಿ. ಅಂದಿನಿಂದ ಬೆಳಿಗ್ಗೆ ಅವಳೇ ಒಂದು ಕಪ್ಪು ಆರಿದ ಚಹಾ ಹಿಡಿದು ಮೆಟ್ಟಿಲೇರತೊಡಗಿದಳು.

ಕೆಳಗೆ ಜಾಫರಸಾಬ ಖಾಲಿ ಪಾತ್ರೆಯನ್ನು ಓರೆ ಮಾಡಿ ನೋಡುತ್ತಿದ್ದರು. "ಹುಡಿಗೇರಿಗಿ ಹಾಲು, ಮಲ್ಲಿಗಿಗಿ ಚಾ. ಮನಿ ಯಜಮಾನಗ ಏನೈತಿ?"

"ಚಪ್ಪಾಳಿ!" ಎಂದು ಮೇಲಿನಿಂದ ಕೂಗಿದವಳು ಅರ್ಚನಾ.